ಚುಕ್ಕಿಯ ಬಾಣಂತನ

ಸಂಕ್ರಾಂತಿಯ ಸಂಜೆ. ಎಳ್ಳು ಬೀರಲು ತಟ್ಟೆ ಜೋಡಿಸುತ್ತಿದ್ದೆ. ಚುಕ್ಕಿ ಮರಿಗಳ ಪೆಟ್ಟಿಗೆ ಬಿಟ್ಟು ಹಾಲ್‌ಗೆ ಬಂದಳು. ನಡಿಗೆ ಏನೋ ಸರಿ ಇರಲಿಲ್ಲ. ಹಿಂಗಾಲು ಕೊರಡಿನ ಹಾಗೆ ಬಿಗಿದುಕೊಂಡಿತ್ತು. ಬಾಯಿ ತೆರೆದು ತೇಕುತ್ತಿದ್ದಳು. ಮೈಸೂರಿನ ಜನವರಿ ಚಳಿಯಲ್ಲಿ ಸೆಕೆ ಎಲ್ಲಿಂದ ಬಂತು? ಮುಟ್ಟಿದರೆ ಮೈ ಸುಡುತ್ತಿತ್ತು.

ಮರಿ ಹಾಕಿ 19 ದಿನವಾಗಿತ್ತು.

ಚುಕ್ಕಿ 6 ಕೆಜಿಯ ಬಿಳಿ ನಾಯಿ. ಬೀದಿಯವರೆಲ್ಲ ಪಮೇರಿಯನ್ ಅಂತಾರೆ, ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ನಮ್ಮ ಕಡೆ ಪಮೇರಿಯನ್ ಅಂತ ಕರೆಸಿಕೊಳ್ಳುವ ಹೆಚ್ಚಿನ ನಾಯಿಗಳು ಇದೇ ಜಾತಿ. 'ಹೆಣ್ಣು ನಾಯಿಗೆ ಒಂದು ಸಲವಾದ್ರೂ ಮರಿ ಹಾಕಿಸಬೇಕು, ಇಲ್ಲದಿದ್ರೆ ಪಾಪ' ಅಂತ ಕಂಡವರೆಲ್ಲ ಹೇಳಿ ಹೇಳಿ ನಮ್ಮ ತಲೆ ಕೆಡಿಸಿದ್ದರು. ಹಾಗೇನೂ ಇಲ್ಲ, ಮರಿ ಹಾಕದೆಯೂ ಚೆನ್ನಾಗಿರುತ್ತಾಳೆ ಅಂತ ಡಾಕ್ಟರು ಹೇಳಿದ್ದರೂ ಕೇಳಲಿಲ್ಲ. ಎರಡು ವರ್ಷ ತುಂಬಿದ ಮೇಲೆ ಕ್ರಾಸ್ ಮಾಡಿಸಿದೆವು. 55 ದಿನ ದಾಟಿದ ಮೇಲೆ ಎಕ್ಸ್‌ರೇ ತೆಗೆಸಿದರೆ ಐದು ಪುಟ್ಟ ಬೆನ್ನುಮೂಳೆಗಳ ಸಾಲು ಕಂಡಿತು. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಐದು!

ಹೆರಿಗೆ ಸಲೀಸಾಗಿಯೇ ಆಯಿತು. ಐದಕ್ಕೂ ಕೊರಳಿಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಸಡಿಲವಾಗಿ ಕಟ್ಟಿ, ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರ್ ಹಿಂದೆ ಬರೆದಿಡುತ್ತಿದ್ದೆ. ಹುಟ್ಟಿದ ದಿನ ಐದೂ ಸೇರಿ 850 ಗ್ರಾಂ. ಕಪ್ಪು ದಾರದ್ದು ಬರೀ 130. ಸಂಕ್ರಾಂತಿಯ ಬೆಳಿಗ್ಗೆ ತೂಗಿದಾಗ ಒಟ್ಟು 3 ಕೆಜಿ ದಾಟಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟೂ ತೂಕ 6 ಕೆಜಿಯ ತಾಯಿಯ ಮೈಯಿಂದಲೇ ಇಳಿದು ಬಂದದ್ದು ಅಂತ ಆಗ ಹೊಳೆಯಲೇ ಇಲ್ಲ.

ಅಮ್ಮ ಹುಣಸೂರು ಕಡೆ ಹಸು ಕಟ್ಟಿದವಳು. ಚುಕ್ಕಿಯ ತೊಡೆ ಮುಟ್ಟಿ ನೋಡಿದಳು. ಚರ್ಮದ ಕೆಳಗೆ ಸಣ್ಣಗೆ ಅದುರುತ್ತಿತ್ತು. 'ಕರು ಹಾಕಿದ ಹಸು ಬೀಳತ್ತಲ್ಲ, ಆ ಹಾಲು ಜ್ವರದ ಥರಾನೇ ಇದೆ ಕಣೆ. ಆದ್ರೆ ಹಸುವಿಗೆ ಮೈ ತಣ್ಣಗಾಗತ್ತೆ, ಇದಕ್ಯಾಕೆ ಸುಡ್ತಿದೆ?' ಅಂದಳು. ಅಷ್ಟರಲ್ಲಿ ಚುಕ್ಕಿ ಮಗ್ಗುಲಾಗಿ ಬಿದ್ದು ನಾಲ್ಕೂ ಕಾಲು ಸೆಟೆದಳು. ಎಳ್ಳಿನ ತಟ್ಟೆ ಅಲ್ಲೇ ಬಿಟ್ಟು, ಟವೆಲ್‌ನಲ್ಲಿ ಸುತ್ತಿಕೊಂಡು ಆಟೋ ಹತ್ತಿದೆವು. ಹಬ್ಬದ ದಿನವಾದರೂ ಡಾಕ್ಟರು ಕ್ಲಿನಿಕ್ ಬಾಗಿಲು ತೆಗೆದು ನಿಂತಿದ್ದರು.

ಅಮ್ಮನ ಊಹೆ ಸರಿಯಾಗಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿತ್ತು. ನಾಯಿಗೆ ಈ ನಡುಕದಿಂದಲೇ ಜ್ವರ ಏರುತ್ತದಂತೆ. ಚಿಕ್ಕ ಜಾತಿಯವಕ್ಕೆ, ಅದರಲ್ಲೂ ಮರಿ ಜಾಸ್ತಿ ಇದ್ದರೆ, ಹೆರಿಗೆಯಾದ ಮೊದಲ ನಾಲ್ಕು ವಾರದಲ್ಲಿ ಇದರ ಭಯ ಹೆಚ್ಚು. ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿ, ಎದೆಗೆ ಸ್ಟೆತಸ್ಕೋಪ್ ಒತ್ತಿ ಹಿಡಿದು, ಕ್ಯಾಲ್ಸಿಯಂ ಗ್ಲುಕೋನೇಟನ್ನು ಹನಿಹನಿಯಾಗಿ ಬಿಟ್ಟರು. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು. ನಾನು ಚುಕ್ಕಿಯ ಕಿವಿಯನ್ನೇ ನೋಡುತ್ತಾ ನಿಂತಿದ್ದೆ. ಮೊದಲು ಕಿವಿ ಅದುರುವುದು ನಿಂತಿತು, ಆಮೇಲೆ ಕಾಲು. ಕಾಲು ಗಂಟೆಯೊಳಗೆ ತಲೆ ಎತ್ತಿ ಅಮ್ಮನ ಕೈ ನೆಕ್ಕಿದಳು.

'ಬಸುರಿಯಲ್ಲಿ ಏನಾದ್ರೂ ಕೊಟ್ಟಿದ್ರಾ?' ಡಾಕ್ಟರು ಕೇಳಿದರು.

ಕೊಟ್ಟಿದ್ದೆ. ಬಸುರಿ ಅಂತ ಗೊತ್ತಾದ ದಿನದಿಂದ ದಿನಾ ಎರಡು ಚಮಚ ಕ್ಯಾಲ್ಸಿಯಂ ಟಾನಿಕ್, ಯಾರನ್ನೂ ಕೇಳದೆ. ಒಳ್ಳೇದು ತಾನೇ ಅಂತ. ಅದೇ ಎಡವಟ್ಟು. ಬೇಕಾದಾಗ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವುದು ಮೈಗೆ ಗೊತ್ತಿರುತ್ತದೆ. ಹೊರಗಿನಿಂದ ಸುರಿಯುತ್ತಲೇ ಇದ್ದರೆ ಆ ಕೆಲಸದಲ್ಲಿ ಅದು ಸೋಮಾರಿಯಾಗುತ್ತದೆ. ಐದು ಮರಿ ಹಾಲಿಗೆ ಬಾಯಿ ಹಾಕಿದಾಗ ಕೈಕೊಡುತ್ತದೆ. ತಮಾಷೆ ಅಂದರೆ ಅವತ್ತಿನ ಚೀಟಿಯಲ್ಲೂ ಕ್ಯಾಲ್ಸಿಯಂ ಇತ್ತು. ಹಾಲು ಕುಡಿಸುವಷ್ಟು ದಿನ ಕೊಡಬೇಕು, ಅದಕ್ಕೆ ಮೊದಲಲ್ಲ.

ಒಂದು ದಿನ ಮರಿಗಳನ್ನು ತಾಯಿ ಹತ್ತಿರ ಬಿಡುವ ಹಾಗಿರಲಿಲ್ಲ. ಹಸುವಿನ ಹಾಲು ಕುಡಿಸಿದರೆ ಭೇದಿ ಆಗುತ್ತದೆ ಅಂತ ಮರಿಗಳ ಹಾಲಿನ ಪುಡಿಯೇ ತಂದೆವು. ರಾತ್ರಿಯಿಡೀ ನಾಲ್ಕು ಗಂಟೆಗೊಮ್ಮೆ ಐದು ಬಾಯಿ. ಅಮ್ಮ ಮೊದಲನೆಯದನ್ನು ಮಗುವಿನ ಹಾಗೆ ಅಂಗಾತ ಮಲಗಿಸಿಕೊಂಡಳು. ಥಟ್ಟನೆ ತಡೆದೆ. ಹಾಗೆ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಹೊಟ್ಟೆಯ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿ ಕುಡಿಸಬೇಕು. ಬೆಳಗಿನ ಜಾವದ ಹೊತ್ತಿಗೆ ಹಾಲು, ಪೌಡರ್, ಉಚ್ಚೆ ಎಲ್ಲ ಸೇರಿ ನನ್ನ ಹಬ್ಬದ ಸೀರೆ ಬೇರೆಯೇ ವಾಸನೆ ಹೊಡೆಯುತ್ತಿತ್ತು. ಆ ಗಲಾಟೆಯಲ್ಲಿ ಬಟ್ಟೆ ಬದಲಿಸುವುದು ನೆನಪೇ ಇರಲಿಲ್ಲ.

ಮರುದಿನದಿಂದ ನುಣ್ಣಗೆ ಕಲಸಿದ ಮರಿಗಳ ಆಹಾರವನ್ನು ತಟ್ಟೆಯಲ್ಲಿಟ್ಟು ನೆಕ್ಕಿಸಲು ಶುರು ಮಾಡಿದೆವು. ಚುಕ್ಕಿಯ ಹೊರೆ ಇಳಿಯಿತು.

ತಿಂಗಳು ತುಂಬುವುದೇ ತಡ, ಮರಿ ಕೇಳಿಕೊಂಡು ಜನ ಬಂದರು. 'ಚಿಕ್ಕದಿದ್ದಾಗಲೇ ಕೊಟ್ರೆ ಬೇಗ ಹೊಂದಿಕೊಳ್ಳತ್ತೆ' ಅನ್ನುವ ವಾದ ಬೇರೆ. ನಾಯಿ ಸಾಕಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. 8 ವಾರ ತುಂಬದ ಮರಿ ಮಾರುವ ಹಾಗಿಲ್ಲ. ನಾವು ಮಾರುವವರಲ್ಲ, ಸುಮ್ನೆ ಕೊಡುವವರು. ಆದರೂ ಲೆಕ್ಕ ಅದೇ ಅಲ್ವಾ? ಜಂತಿನ ಔಷಧಿ, ಮೊದಲ ಲಸಿಕೆ ಎಲ್ಲ ಆಗಿ 9ನೇ ವಾರದಲ್ಲಿ ಒಂದೊಂದೇ ಕಳಿಸಿದೆವು. ಒಬ್ಬರ ಮನೆಯಲ್ಲಿ ಹಗಲೆಲ್ಲ ಯಾರೂ ಇರುವುದಿಲ್ಲ ಅಂತ ಗೊತ್ತಾಗಿ ಇಲ್ಲ ಅಂದೆ. ಅವರು ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ.

ಕಪ್ಪು ದಾರದ್ದು ಎಲ್ಲಿಗೂ ಹೋಗಲಿಲ್ಲ. ಕೊಡುವ ದಿನ ಬಂದಾಗ ಅಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಕೂತುಬಿಟ್ಟಳು. ಮೇ ತಿಂಗಳಲ್ಲಿ ಚುಕ್ಕಿಗೆ ಇನ್ನು ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಕರೆದುಕೊಂಡು ಬಂದಾಗ ಬಾಗಿಲಲ್ಲಿ ಕಾದಿದ್ದದ್ದು ಅದೇ. ಕ್ಯಾಲೆಂಡರ್ ಹಿಂದೆ ಅದರ ತೂಕ ಈಗಲೂ ಬರೆಯುತ್ತೇನೆ. ಮೊನ್ನೆ 5 ಕೆಜಿ 200 ಗ್ರಾಂ.