ಯಾರ್ಕ್‌ಷೈರಿನಲ್ಲಿ ಕಲಿತ ಒಂದು ಕ್ರಿಯಾಪದ

ಕಳೆದ ಮಳೆಗಾಲದಲ್ಲಿ ಐದು ವಾರಗಳ ರಜೆಯಲ್ಲಿ ಕಾಪುವಿನ ಮನೆಗೆ ಬಂದಿದ್ದೆ. ಒಂದು ಮಧ್ಯಾಹ್ನ, ಮಂಗಳೂರಿನಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುತ್ತಿರುವ ನನ್ನ ತಂಗಿಯ ಮಗಳು ಇಂಗ್ಲಿಷ್ ಪರೀಕ್ಷೆಯ ತಯಾರಿಗೆಂದು ಇಟ್ಟುಕೊಂಡಿದ್ದ ನೋಟ್‌ಪುಸ್ತಕವನ್ನು ಹಿಡಿದು ಚಾವಡಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. “ದೊಡ್ಡಮ್ಮ, ಈ ‘ಗೆಟ್’ ಉಂಟಲ್ಲ, ಅದಕ್ಕೆ ಕನ್ನಡದಲ್ಲಿ ಸರಿಯಾಗಿ ಎಂತ ಹೇಳುವುದು? ಒಂದೊಂದು ವಾಕ್ಯದಲ್ಲಿ ಒಂದೊಂದು ಅರ್ಥ. ಎಷ್ಟು ಬಾಯಿಪಾಠ ಮಾಡಿದರೂ ನಿಲ್ಲುವುದಿಲ್ಲ” ಎಂದಳು. ಅವಳ ಪುಸ್ತಕದಲ್ಲಿ ಆ ಪದದ ಎದುರಿಗೆ ‘ಪಡೆ, ಹೊಂದು’ ಎಂದು ಬರೆದಿತ್ತು. ನಾನು ಐದನೆಯ ತರಗತಿಯಲ್ಲಿ ಮೊದಲ ಬಾರಿಗೆ ಇಂಗ್ಲಿಷ್ ಅಕ್ಷರಗಳನ್ನು ಕಲಿತಾಗ ನಮ್ಮ ಪಾಠದ ಕೊನೆಯ ಪದಪಟ್ಟಿಯಲ್ಲಿಯೂ ಇದ್ದದ್ದು ಇದೇ ಅರ್ಥ. ಆ ಮಧ್ಯಾಹ್ನ ಅವಳಿಗೆ ಹೇಳಿದ್ದನ್ನೂ, ಅಂದು ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅವಳಂತೆಯೇ ಹೊರದೇಶದ ಆಸ್ಪತ್ರೆಗಳಿಗೆ ಹೊರಟು ನಿಂತಿರುವ ಮಕ್ಕಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ.

‘ಪಡೆ’ ಎಂಬುದು ತಪ್ಪು ಅರ್ಥವೇನಲ್ಲ. ಆದರೆ ಅದು ನಾವು ಮಾತಾಡುವ ಪದವಲ್ಲ. ಪದವಿ ಪಡೆಯುತ್ತೇವೆ, ಪ್ರಶಸ್ತಿ ಪಡೆಯುತ್ತೇವೆ, ಅನುಮತಿ ಪಡೆಯುತ್ತೇವೆ. ಮಲ್ಪೆಯ ಬಂದರಿನಲ್ಲಿ ಯಾರೂ ಬಂಗುಡೆ ‘ಪಡೆಯುವುದಿಲ್ಲ’. ‘ಗೆಟ್’ ಎಂಬುದು ಇಂಗ್ಲಿಷರ ಅಡುಗೆಮನೆಯ, ಬಸ್ಸಿನ, ರೋಗಿಯ ಹಾಸಿಗೆಯ ಬಳಿಯ ಮಾತು. ಬರವಣಿಗೆಯಲ್ಲಿ ಅವರೇ ಅದನ್ನು ಆದಷ್ಟು ದೂರವಿಟ್ಟು ಇನ್ನೂ ಗಂಭೀರವಾದ ಕ್ರಿಯಾಪದಗಳನ್ನು ಹುಡುಕುತ್ತಾರೆ. ಮಾತಿನ ಪದಕ್ಕೆ ನಾವು ಗ್ರಂಥದ ಪದವನ್ನು ಅರ್ಥವಾಗಿ ಕೊಟ್ಟೆವು. ಹಾಗಾಗಿ ನನ್ನಂಥವರು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದುಕೊಂಡು, ವೀಸಾ ಹಿಡಿದುಕೊಂಡು ಬಂದಿಳಿದ ಮೇಲೂ, ಎದುರಿಗಿದ್ದವರು ಇಂಗ್ಲಿಷ್ ಮಾತಾಡುತ್ತಿದ್ದಾರೆಯೇ ಎಂದು ಸಂಶಯಪಡುವ ಸ್ಥಿತಿ ಬಂತು.

ನಾನು ಕೆಲಸಕ್ಕೆ ಸೇರಿದ್ದು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಒಂದು ಆಸ್ಪತ್ರೆಯ ವೃದ್ಧರ ವಾರ್ಡಿಗೆ. ಮೊದಲ ವಾರ ನನಗೆ ಆ ಕ್ರಿಯಾಪದ ಕಿವಿಗೇ ಬೀಳಲಿಲ್ಲ. ಅಲ್ಲಿಯವರ ಬಾಯಿಯಲ್ಲಿ ‘ಗೆಟ್’ ಪದದ ಮುಂದೆ ಸ್ವರ ಬಂದಾಗ ಟಕಾರವು ರಕಾರವಾಗಿಬಿಡುತ್ತದೆ. ‘ಗೆಟ್ ಅಪ್’ ಎನ್ನುವುದು ‘ಗೆರಪ್’ ಆಗುತ್ತದೆ, ‘ಗೆಟ್ ಆಫ್’ ಎನ್ನುವುದು ‘ಗೆರಾಫ್’ ಆಗುತ್ತದೆ. ಇದು ಉಚ್ಚಾರಣೆಯ ದೋಷವಲ್ಲ. ಅಲ್ಲಿಯ ಆಡುನುಡಿಯ ಒಂದು ನಿಯಮ. ನಮ್ಮಲ್ಲಿ ‘ಹೋಗುತ್ತದೆ’ ಎಂದು ಬರೆದು ‘ಹೋಗ್ತದೆ’ ಎಂದು ಆಡುವ ಹಾಗೆ. ಅಜ್ಜಂದಿರೊಬ್ಬರು ಎದ್ದು ಕುಳಿತುಕೊಳ್ಳಬೇಕೆಂದು ನನ್ನನ್ನು ಮೂರು ಬಾರಿ ಕೇಳಿಕೊಂಡರೂ ನನಗೆ ತಿಳಿಯಲಿಲ್ಲ. ನಾಲ್ಕನೆಯ ಸಲ ಅವರು ಕೈಸನ್ನೆ ಮಾಡಿದರು. ಆ ಕೈಸನ್ನೆಯಲ್ಲಿದ್ದ ದಣಿವು ನನಗೆ ಇಂದಿಗೂ ನೆನಪಿದೆ.

ಅದಕ್ಕಿಂತ ದೊಡ್ಡ ತಪ್ಪು ನಡೆದದ್ದು ಎರಡನೆಯ ತಿಂಗಳಲ್ಲಿ. ಗಂಡನನ್ನು ಕಳೆದುಕೊಂಡು ಸ್ವಲ್ಪ ಕಾಲವಷ್ಟೇ ಆಗಿದ್ದ ಒಬ್ಬ ವೃದ್ಧೆ, ರಾತ್ರಿ ಪಾಳಿಯಲ್ಲಿ ನಾನು ಹೇಗಿದ್ದೀರಿ ಎಂದು ವಿಚಾರಿಸಿದಾಗ, ‘ಇಟ್ ಗೆಟ್ಸ್ ಟು ಮಿ ಅಟ್ ನೈಟ್’ ಎಂದರು. ಏನೋ ಒಂದು ರಾತ್ರಿ ಹೊತ್ತು ಅವರಿಗೆ ಬರುತ್ತದೆ ಎಂದು ತಿಳಿದುಕೊಂಡ ನಾನು, ನೋವು ಎಲ್ಲಿ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎಷ್ಟು ಎಂದು ಕೇಳಿದೆ. ಅವರು ಏನೂ ಇಲ್ಲವೆಂದು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಬೆಳಗ್ಗೆ ಹಿರಿಯ ಸಹೋದ್ಯೋಗಿಯೊಬ್ಬರು ವಿವರಿಸಿದ ಮೇಲೆಯೇ ನನಗೆ ತಿಳಿದದ್ದು: ಆ ದುಃಖ ರಾತ್ರಿ ಹೊತ್ತಿಗೆ ಮನಸ್ಸಿಗೆ ತಾಗುತ್ತದೆ, ತಡೆಯಲಾಗುವುದಿಲ್ಲ ಎಂದು ಅವರು ಹೇಳಿದ್ದರು. ನಮ್ಮ ಕಡೆಯ ‘ತಾಗು’ ಎಂಬ ಪದ ಆ ಸಂದರ್ಭಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ‘ಆ ಮಾತು ಮನಸ್ಸಿಗೆ ತಾಗಿತು’ ಎಂದು ನಮ್ಮಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಪದ ನನ್ನ ಮನೆಯಲ್ಲೇ ಇತ್ತು. ‘ಪಡೆ’ಯನ್ನು ಹಿಡಿದು ಹೊರಟಿದ್ದ ನನಗೆ ಅದು ಹೊಳೆಯಲಿಲ್ಲ. ಅಂದು ಬೆಳಗ್ಗೆ ಪಾಳಿ ಮುಗಿದ ಮೇಲೂ ನಾನು ಅವರ ಬಳಿ ಅರ್ಧ ಗಂಟೆ ಕುಳಿತಿದ್ದೆ.

ಅಂದಿನಿಂದ ನಾನು ಆ ಕ್ರಿಯಾಪದವನ್ನು ಕೇಳಿದಲ್ಲೆಲ್ಲ ಒಂದು ಚಿಕ್ಕ ಪುಸ್ತಕದಲ್ಲಿ ಇಡೀ ವಾಕ್ಯವಾಗಿ ಬರೆದು, ಎದುರಿಗೆ ಅದೇ ಸಂದರ್ಭದಲ್ಲಿ ಉಡುಪಿಯಲ್ಲಿ ಏನು ಹೇಳುತ್ತಿದ್ದೆವೆಂದು ಬರೆಯತೊಡಗಿದೆ. ಕೆಲವು ತಿಂಗಳಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಕನ್ನಡದ ಬದಿಯಲ್ಲಿ ‘ಪಡೆ’ ಒಂದೆರಡು ಬಾರಿಯಷ್ಟೇ ಬಂದಿತ್ತು. ಮತ್ತೆ ಮತ್ತೆ ಬಂದಿದ್ದವು ಎರಡು ಕ್ರಿಯಾಪದಗಳು: ‘ಸಿಗು’ ಮತ್ತು ‘ಆಗು’.

‘ಆಗು’ವಿನ ಶಕ್ತಿ ನನಗೆ ತಿಳಿದದ್ದು ‘ಗೆಟ್ ಆನ್’ ಎಂಬ ಜೋಡಿಪದದಿಂದ. ಬಸ್ಸಿಗೆ ಹತ್ತುವುದೂ ‘ಗೆಟ್ ಆನ್’ ಎಂಬುದನ್ನು ಶಾಲೆಯಲ್ಲೇ ಕಲಿತಿದ್ದೆ. ವಾರ್ಡಿನಲ್ಲಿ ಒಬ್ಬ ರೋಗಿಯ ಬಗ್ಗೆ ‘ಹೀ ಈಸ್ ಗೆಟಿಂಗ್ ಆನ್’ ಎಂದಾಗ ಅವರಿಗೆ ವಯಸ್ಸಾಗುತ್ತಾ ಬಂತು ಎಂದರ್ಥ. ಅದೇ ದಿನ ಭೌತಚಿಕಿತ್ಸೆಯವರು ಬಂದು ಅವರನ್ನೇ ‘ಹೌ ಆರ್ ಯು ಗೆಟಿಂಗ್ ಆನ್?’ ಎಂದು ಕೇಳಿದರೆ, ನಡೆದಾಡುವುದು ಹೇಗೆ ಸಾಗಿದೆ, ಹೇಗಾಗುತ್ತಿದೆ ಎಂಬ ಪ್ರಶ್ನೆ. ಅವರ ಇಬ್ಬರು ಗಂಡುಮಕ್ಕಳು ಬೇರೆ ಬೇರೆ ಹೊತ್ತಿಗೆ ನೋಡಲು ಬರುತ್ತಿದ್ದರು; ಏಕೆಂದು ಕೇಳಿದಾಗ ಸಿಕ್ಕ ಉತ್ತರ ‘ದೇ ಡೋಂಟ್ ಗೆಟ್ ಆನ್’ ಎಂದು. ಅಂದರೆ ಅಣ್ಣನಿಗೂ ತಮ್ಮನಿಗೂ ಆಗುವುದಿಲ್ಲ! ಆ ವಾಕ್ಯವನ್ನು ಬರೆದುಕೊಂಡಾಗ ನನ್ನ ಮೈ ಸ್ವಲ್ಪ ಜುಮ್ಮೆಂದಿತು. ವಯಸ್ಸಾಯಿತು, ಹೇಗಾಯಿತು, ಅವರಿಬ್ಬರಿಗೆ ಆಗುವುದಿಲ್ಲ: ಇಂಗ್ಲಿಷರು ಒಂದು ಜೋಡಿಪದದಿಂದ ಹೇಳುವ ಮೂರು ಬೇರೆ ಬೇರೆ ಸಂಗತಿಗಳನ್ನು ನಾವೂ ಒಂದೇ ಕ್ರಿಯಾಪದದಿಂದ ಹೇಳುತ್ತೇವೆ. ಕತ್ತಲಾಯಿತು, ಚಳಿಯಾಯಿತು, ತಡವಾಯಿತು, ಗೊತ್ತಾಯಿತು ಎಂಬಲ್ಲಿಯೂ ಅವರದು ‘ಗೆಟ್’, ನಮ್ಮದು ‘ಆಗು’.

ಎಲ್ಲ ಕಡೆಯೂ ಹೀಗೆ ಹೊಂದಿಕೊಳ್ಳುವುದಿಲ್ಲ. ‘ಮನೆ ಮುಟ್ಟಿದ ಕೂಡಲೇ ಫೋನ್ ಮಾಡು’ ಎನ್ನುವಲ್ಲಿ ಅವರ ‘ಗೆಟ್ ಹೋಮ್’ಗೆ ನಮ್ಮ ಕರಾವಳಿಯ ‘ಮುಟ್ಟು’ ಬೇಕು. ಜ್ವರವೂ ಸಿಟ್ಟೂ ನಮಗೆ ಬರುತ್ತವೆ. ಅವುಗಳನ್ನು ಒಂದೊಂದಾಗಿಯೇ ಕಲಿಯಬೇಕು.

‘ಸಿಗು’ವಿನ ಕತೆ ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ ಮೀನು ಸಿಗುತ್ತದೆ, ಬಸ್ಸು ಸಿಗುತ್ತದೆ, ಕೆಲಸ ಸಿಗುತ್ತದೆ; ತುಂಟ ಮಕ್ಕಳಿಗೆ ‘ಪೆಟ್ಟು ಸಿಗ್ತದೆ ನೋಡು’ ಎಂದು ಗದರುತ್ತೇವೆ. ಇವೆಲ್ಲವೂ ‘ಗೆಟ್’ಗೆ ಸಲ್ಲುತ್ತವೆ. ಆದರೆ ‘ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತೇನೆ’ ಎಂದರೆ ಭೇಟಿಯಾಗುತ್ತೇನೆ ಎಂದರ್ಥ. ತುಳುವಿನಲ್ಲಿ ‘ಎಂಕ್ ತಿಕ್ಕುಂಡು’ ಎಂದರೆ ನನಗೆ ಸಿಗುತ್ತದೆ. ಬೀಳ್ಕೊಡುವಾಗ ‘ನನ ತಿಕ್ಕುಗ’ ಎಂದರೆ ಇನ್ನೊಮ್ಮೆ ಭೇಟಿಯಾಗೋಣ. ಕಲ್ಯಾಣಪುರದ ನನ್ನ ಗೆಳತಿಯ ಕೊಂಕಣಿಯಲ್ಲಿ ‘ಮ್ಹಾಕಾ ಮೆಳ್ಳೆಂ’ ಎಂದರೆ ನನಗೆ ಸಿಕ್ಕಿತು, ‘ಮೆಳ್ಯಾಂ’ ಎಂದರೆ ಭೇಟಿಯಾಗೋಣ. ಕನ್ನಡ ಮತ್ತು ತುಳು ದ್ರಾವಿಡ ಭಾಷೆಗಳು, ಕೊಂಕಣಿ ಇಂಡೋ ಆರ್ಯನ್ ಭಾಷೆ. ಆದರೂ ಒಂದೇ ಸಂತೆಯಲ್ಲಿ ಆಡುವ ಮೂರೂ ಭಾಷೆಗಳಲ್ಲಿ ಸಿಗುವುದಕ್ಕೂ ಭೇಟಿಯಾಗುವುದಕ್ಕೂ ಒಂದೇ ಕ್ರಿಯಾಪದ. ಮೂರರಲ್ಲಿಯೂ ಸಿಕ್ಕಿದ ವಸ್ತುವೇ ಕರ್ತೃ. ಮನುಷ್ಯ ‘ನನಗೆ’, ‘ಎಂಕ್’, ‘ಮ್ಹಾಕಾ’ ಎಂದು ಚತುರ್ಥೀ ವಿಭಕ್ತಿಯಲ್ಲಿ ನಿಂತಿರುತ್ತಾನೆ. ವಸ್ತು ತಾನಾಗಿ ಬಂದು ನಮ್ಮನ್ನು ಕೂಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ, ‘ಐ ಗಾಟ್’ ಎಂದು ಮನುಷ್ಯನೇ ಮುಂದೆ ಬರಬೇಕು, ಜ್ವರ ಬಂದರೂ ಅವನೇ ಕರ್ತೃ. ನಮ್ಮ ಮಕ್ಕಳು ಇಂಗ್ಲಿಷ್ ಮಾತಾಡುವಾಗ ಒಂದು ಕ್ಷಣ ತಡೆಯುವುದು ಪದ ಗೊತ್ತಿಲ್ಲದೆ ಅಲ್ಲ, ‘ನನಗೆ’ಯನ್ನು ‘ನಾನು’ ಮಾಡಿಕೊಳ್ಳಬೇಕಾದ ಈ ತಿರುವಿನಲ್ಲಿ ಎಂದು ನನ್ನ ಅನುಭವ. ತಂಗಿಯ ಮಗಳಿಗೆ ನಾನು ಮೊದಲು ಮಾಡಿಸಿದ ಅಭ್ಯಾಸ ಇದೇ: ‘ನನಗೆ’ ಎಂದು ಶುರುವಾಗುವ ಇಪ್ಪತ್ತು ವಾಕ್ಯ ಬರೆದು, ಅವುಗಳನ್ನು ‘ಐ’ಯಿಂದ ಶುರುಮಾಡಿ ಇಂಗ್ಲಿಷಿನಲ್ಲಿ ಹೇಳುವುದು.

ಯಾರ್ಕ್‌ಷೈರಿನಲ್ಲಿ ಕುಳಿತು ಈ ಪದವನ್ನು ಕಲಿತದ್ದಕ್ಕೆ ಇನ್ನೊಂದು ಅರ್ಥವೂ ಇದೆ. ‘ಗೆಟ್’ ಮೂಲತಃ ಇಂಗ್ಲಿಷರದೇ ಅಲ್ಲ. ಸಮುದ್ರ ದಾಟಿ ಬಂದ ಸ್ಕ್ಯಾಂಡಿನೇವಿಯದ ಜನರ ಹಳೆಯ ನಾರ್ಸ್ ಭಾಷೆಯ ‘ಗೆಟಾ’ ಎಂಬ ಕ್ರಿಯಾಪದದಿಂದ ಬಂದದ್ದು. ಅವರು ಯಾರ್ಕ್ ನಗರವನ್ನು ಹಿಡಿದದ್ದು 866ರಲ್ಲಿ. ಆಮೇಲೆ ಅವರು ಅಲ್ಲಿಯೇ ಬೇಸಾಯ ಮಾಡಿಕೊಂಡು ನೆಲೆ ನಿಂತರು. ನಮ್ಮ ಊರುಗಳ ಹೆಸರಿನ ಕೊನೆಗೆ ‘ಬೆಟ್ಟು’, ‘ಪಾಡಿ’ ಬರುವ ಹಾಗೆ ಆ ಪ್ರಾಂತ್ಯದ ವಿಟ್‌ಬಿ, ಸೆಲ್ಬಿ ಮೊದಲಾದ ಊರುಗಳ ಕೊನೆಯಲ್ಲಿರುವ ‘ಬಿ’ ಅವರ ಭಾಷೆಯ ಗುರುತು. ಹಳೆಯ ಇಂಗ್ಲಿಷಿನಲ್ಲಿ ಇದೇ ಕುಲದ ಕ್ರಿಯಾಪದವು ಸಮಾಸಗಳಲ್ಲಿ ಮಾತ್ರ ಉಳಿದುಕೊಂಡಿತ್ತು. ಮರೆಯುವುದಕ್ಕೆ ಇಂದಿಗೂ ಹೇಳುವ ‘ಫರ್ಗೆಟ್’ ಆ ಬಳಗದ್ದು. ಹೊರಗಿನಿಂದ ಬಂದವರ ಪದವೊಂದು ಆ ಭಾಷೆಯ ತೀರ ಒಳಮನೆಯ ಪದವಾಗಿ ಬೆಳೆದಿದೆ ಎಂಬುದು, ಹೊರಗಿನಿಂದ ಹೋದ ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. ಇದನ್ನು ಓದಿದಾಗ ನಮ್ಮ ಮಂಗಳೂರಿನ ನೆನಪೂ ಬಂತು. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ನಮ್ಮ ಕ್ರಿಯಾಪದಗಳ ಅರ್ಥಗಳನ್ನು ಒಂದೊಂದಾಗಿ ಬಿಡಿಸಿ ಜೋಡಿಸಿದ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಅಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಪರಭಾಷೆಯೊಂದರ ‘ಸಿಗು’, ‘ಆಗು’ಗಳ ಮುಂದೆ ಅವರೂ ಎಷ್ಟೋ ರಾತ್ರಿ ಕುಳಿತಿರಬೇಕು.

ಕೆಲಸದ ದೃಷ್ಟಿಯಿಂದ ಬಹಳ ಮುಖ್ಯವಾದ ಇನ್ನೊಂದು ಬಳಕೆಯಿದೆ. ನಾವು ‘ಮಾಡು’ ಎಂಬುದನ್ನು ‘ಮಾಡಿಸು’ ಎಂದು ತಿರುಗಿಸಿ ಬೇರೆಯವರ ಕೈಯಿಂದ ಕೆಲಸ ಆಗುವುದನ್ನು ಹೇಳುತ್ತೇವೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ. ಆಡುಮಾತಿನಲ್ಲಿ ಆ ಕೆಲಸವನ್ನು ಹೆಚ್ಚಾಗಿ ‘ಗೆಟ್’ ಮಾಡುತ್ತದೆ. ಊರಿನಲ್ಲಿ ‘ಐ ಸ್ಟಿಚ್ಡ್ ಎ ಬ್ಲೌಸ್’ ಎಂದರೆ ದರ್ಜಿಯ ಹತ್ತಿರ ಹೊಲಿಸಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಅಲ್ಲಿ ಹಾಗೆಂದರೆ ನಾನೇ ಸೂಜಿ ಹಿಡಿದು ಹೊಲಿದೆ ಎಂದಾಗುತ್ತದೆ. ಹೊಲಿಸಿದೆ ಎನ್ನಲು ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’ ಎನ್ನಬೇಕು. ರವಿಕೆಯ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸ. ಆದರೆ ರಕ್ತಪರೀಕ್ಷೆಯನ್ನು ನಾನು ಮಾಡಿದೆನೇ ಮಾಡಿಸಿದೆನೇ, ಗಾಯದ ಪಟ್ಟಿಯನ್ನು ನಾನು ಕಟ್ಟಿದೆನೇ ಕಟ್ಟಿಸಿದೆನೇ ಎಂಬುದು ಪಾಳಿ ಬದಲಾಗುವ ಹೊತ್ತಿನಲ್ಲಿ ಸ್ಪಷ್ಟವಾಗಿ ಹೇಳಲೇಬೇಕಾದ ಮಾತು. ಮುಂದಿನವರು ಯಾರನ್ನು ಕೇಳಬೇಕೆಂಬುದು ಅದರ ಮೇಲೆ ನಿಂತಿದೆ. ನರ್ಸಿಂಗ್ ಓದುವ ಮಕ್ಕಳು ಬೇರೇನನ್ನು ಬಿಟ್ಟರೂ ಇದನ್ನು ಬಿಡಬಾರದೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಮೆರಿಕದಲ್ಲಿರುವ ನನ್ನ ದೊಡ್ಡಪ್ಪನ ಮಗ ಇದೇ ಕ್ರಿಯಾಪದದ ಹಳೆಯ ರೂಪವಾದ ‘ಗಾಟನ್’ ಅನ್ನು ದಿನವೂ ಕೇಳುತ್ತಾನೆ. ಬ್ರಿಟನ್ನಿನ ಮಾತಿನಲ್ಲಿ ಅದರ ಬದಲು ಹೆಚ್ಚಾಗಿ ‘ಗಾಟ್’ ಎಂಬುದೇ ಬಳಕೆಯಲ್ಲಿದೆ. ಅಮೆರಿಕಕ್ಕೆ ಹೊರಟವರು ಅದಕ್ಕೆ ಹೆದರಬೇಕಾಗಿಲ್ಲ, ಅದು ತಪ್ಪು ಇಂಗ್ಲಿಷ್ ಅಲ್ಲ.

ಕೊನೆಗೆ ಉಳಿದದ್ದು ಎರಡು ಬಳಕೆಗಳು. ‘ಐ ಹ್ಯಾವ್ ಗಾಟ್ ಟು ಗೋ’ ಎಂದರೆ ಹೋಗಲೇಬೇಕು. ಅದು ತಂಗಿಯ ಮಗಳಿಗೆ ಸುಲಭವಾಗಿ ತಿಳಿಯಿತು. ಇನ್ನೊಂದನ್ನು ವಿವರಿಸಲು ನಾನು ಸ್ವಲ್ಪ ತಡವರಿಸಿದೆ. ಒಮ್ಮೆ ರಾತ್ರಿ ಪಾಳಿಯ ಬಿಡುವಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಅಮ್ಮನ ಬಗ್ಗೆ ವಿಚಾರಿಸಿದಾಗ, ‘ಐ ಸೀ ಹರ್ ಒನ್ಸ್ ಎ ಇಯರ್’ ಎಂದಿದ್ದೆ. ವರ್ಷಕ್ಕೊಮ್ಮೆ ನೋಡುತ್ತೇನೆ ಎಂಬುದು ವ್ಯಾಕರಣಕ್ಕೆ ಸರಿಯಾದ ಮಾತು, ಆದರೆ ತನ್ನ ಇಷ್ಟದಿಂದಲೇ ವರ್ಷಕ್ಕೆ ಒಮ್ಮೆ ಮಾತ್ರ ಹೋಗುವವಳ ಮಾತಿನ ಹಾಗೆ ಕೇಳಿಸಿತ್ತು. ಅವರು ನನ್ನ ಕೈ ಹಿಡಿದುಕೊಂಡು ಅದೇ ವಾಕ್ಯವನ್ನು ‘ಯು ಓನ್ಲಿ ಗೆಟ್ ಟು ಸೀ ಹರ್ ಒನ್ಸ್ ಎ ಇಯರ್’ ಎಂದು ತಿರುಗಿ ಹೇಳಿದರು. ಇದನ್ನು ಕನ್ನಡದಲ್ಲಿ ಹೇಗೆ ಬರೆದುಕೊಳ್ಳಲಿ ಎಂದು ತಂಗಿಯ ಮಗಳು ಪೆನ್ನು ಹಿಡಿದು ಕಾಯುತ್ತಿದ್ದಳು. ಒಳಗೆ ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತಿದ್ದ ಅಮ್ಮ, ನಾನು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿದರು. “ವರ್ಷಕ್ಕೊಮ್ಮೆ ಅಲ್ವಾ ನೋಡ್ಲಿಕ್ಕೆ ಸಿಗುವುದು” ಎಂದರು. ಅವಳು ಅದನ್ನೇ ಬರೆದುಕೊಂಡಳು.