ಅಳಿಯನ ಸರ್ವೀಸು, ಅಪ್ಪನ ರೈಲು

ಸಿಯಾಟಲ್‌ನ ಪಿಯರ್ 91ರಲ್ಲಿ ಹಡಗು ಹತ್ತಿ ಕೋಣೆ ಸೇರಿದ ಕೂಡಲೇ ಇವರು, ಅಂದರೆ ನನ್ನ ಗಂಡ, ಫೋನ್ ತೆಗೆದು ನಮ್ಮ ಕೋಣೆಯ ಖಾತೆ ನೋಡಿದರು. ಅಲ್ಲಿ ಇರಬೇಕಾಗಿದ್ದ 100 ಡಾಲರ್ ಇರಲಿಲ್ಲ. ದೊಡ್ಡ ಮೊತ್ತವೇನಲ್ಲ, ನಾಲ್ಕು ಜನರ ಅಲಾಸ್ಕ ಪ್ರವಾಸದ ಖರ್ಚಿನ ಮುಂದೆ ಏನೂ ಅಲ್ಲ. ಆದರೂ ಇವರ ಮುಖ ಸಣ್ಣದಾಯಿತು. ಆ ದುಡ್ಡಿಗೆ ಅವರು ಆಗಲೇ ಒಂದು ಲೆಕ್ಕ ಹಾಕಿಟ್ಟಿದ್ದರು: ಅದು ನನ್ನ ಅಪ್ಪನಿಗೆ ಖರ್ಚಾಗಬೇಕು.

ಇವರು ಗ್ರೀನ್ ಕಾರ್ಡ್ ಇದ್ದಾಗಲೇ ಅಮೆರಿಕದ ಸೇನೆಗೆ ಸೇರಿ, ಸಮವಸ್ತ್ರದಲ್ಲಿದ್ದಾಗಲೇ ಪೌರತ್ವ ಪಡೆದವರು. ಟಕೋಮ ಹತ್ತಿರದ ಲೂಯಿಸ್-ಮೆಕಾರ್ಡ್ ನೆಲೆಯಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದರು. ಅಲ್ಲಿಂದಲೇ ಅಫ್ಘಾನಿಸ್ತಾನಕ್ಕೂ ಹೋಗಿ ಬಂದರು. ಹೀಗೆ ಸೇವೆ ಮಾಡಿದವರಿಗೆ ಅಮೆರಿಕದ ಹಲವು ಕ್ರೂಸ್ ಕಂಪನಿಗಳು ‘ಮಿಲಿಟರಿ ಆನ್‌ಬೋರ್ಡ್ ಕ್ರೆಡಿಟ್’ ಕೊಡುತ್ತವೆ. ಅಂದರೆ ಹಡಗಿನೊಳಗೆ ಮಾತ್ರ ನಡೆಯುವ ದುಡ್ಡು. ಸರ್ಕಾರ ಕೊಡುವುದಲ್ಲ, ಕಂಪನಿಯೇ ತನ್ನ ಕೈಯಿಂದ ಕೊಡುವ ಮರ್ಯಾದೆ. ಎಷ್ಟು ದಿನದ ಪ್ರಯಾಣ ಎನ್ನುವುದರ ಮೇಲೆ ಮೊತ್ತ ಏರಿಳಿಯುತ್ತದೆ. ನಮ್ಮದು ಏಳು ರಾತ್ರಿಯ ಪ್ರಯಾಣ, ನಮ್ಮ ಕೋಣೆಗೆ 100 ಡಾಲರ್ ಅಂತ ಹೇಳಿದ್ದರು.

ಇದು ಸಿಗಬೇಕಾದರೆ ಸೇವೆ ಮುಗಿಸಿದಾಗ ಕೊಡುವ ಡಿಡಿ-214 ಎನ್ನುವ ಕಾಗದದ ಪ್ರತಿಯನ್ನು ಹಡಗು ಹೊರಡುವ ಮೊದಲೇ ಕಳಿಸಬೇಕು. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುತ್ತದೆ, ಅದನ್ನು ಕಪ್ಪು ಶಾಯಿಯಿಂದ ಮುಚ್ಚಿಯೇ ಕಳಿಸಬೇಕು. ಇವರು ಟ್ರಾವೆಲ್ ಏಜೆಂಟ್ ಮೂಲಕ ಕಳಿಸಿದ್ದರು. ಕಾಗದ ಎಲ್ಲಿ ನಿಂತಿತೋ, ಖಾತೆಗೆ ಮಾತ್ರ ಏರಿರಲಿಲ್ಲ.

ಪಕ್ಕದ ಕೋಣೆಯಿಂದ ಬಂದ ಅಪ್ಪ ವಿಷಯ ಕೇಳಿ, “ಪ್ರತಿ ತಂದಿದೀಯೇನಪ್ಪಾ?” ಅಂದರು. ಇವರು ಬ್ಯಾಗಿನಿಂದ ತೆಗೆದು ತೋರಿಸಿದರು. “ಹಾಗಾದ್ರೆ ಯಾಕೆ ಯೋಚನೆ? ಕಾಗದ ಕೈಯಲ್ಲಿದ್ದೋನಿಗೆ ಯಾವ ಆಫೀಸಿನ ಭಯಾನೂ ಇಲ್ಲ,” ಅಂದರು. ಅಪ್ಪ ಹದಿನೆಂಟು ವರ್ಷ ಭಾರತೀಯ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಸಕಲೇಶಪುರ ತಾಲ್ಲೂಕಿನ ಹಳ್ಳಿಯಿಂದ 1966ರಲ್ಲಿ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆಯ ಹತ್ತಿರ ಆ ದಳದ ಕೇಂದ್ರವಾದ ಎಂಇಜಿ ಸೆಂಟರಿನಲ್ಲಿ ಭರ್ತಿಯಾಗಿ, ಹವಾಲ್ದಾರ್ ಆಗಿ 1984ರಲ್ಲಿ ಪಿಂಚಣಿ ಮೇಲೆ ಬಂದರು. 1971ರ ಯುದ್ಧದಲ್ಲಿ ಪಾಕಿಸ್ತಾನದ ಶಕರ್‌ಗಢದ ಕಡೆ, ಟ್ಯಾಂಕುಗಳು ಹೋಗಲು ನೆಲದಲ್ಲಿ ಹುಗಿದ ಸಿಡಿಮದ್ದಿನ ಮೈನ್ ತೆಗೆದು ದಾರಿ ಮಾಡುವ ಕೆಲಸದಲ್ಲಿದ್ದರು. ಅದರ ಬಗ್ಗೆ ಮನೆಯಲ್ಲಿ ಮಾತಾಡಿದ್ದು ಬಹಳ ಕಡಿಮೆ.

ಸಂಜೆ ಕೌಂಟರಿನಲ್ಲಿ ಕಾಗದ ತೋರಿಸಿ ಬಂದೆವು. ಮರುದಿನ ಬೆಳಿಗ್ಗೆ ಖಾತೆಯಲ್ಲಿ 100 ಡಾಲರ್ ಕಂಡಿತು. ಪಕ್ಕದಲ್ಲಿ ‘ಮರುಪಾವತಿ ಇಲ್ಲ’ ಅಂತ ಬರೆದಿತ್ತು. ಹಾಗಂದರೆ ಕೊನೆಯ ರಾತ್ರಿಯೊಳಗೆ ಖರ್ಚು ಮಾಡದಿದ್ದರೆ ಉಳಿದದ್ದು ಹೋದಂತೆಯೇ. ನಗದಾಗಿ ಕೈಗೆ ಬರುವುದಿಲ್ಲ, ಕ್ಯಾಸಿನೋದಲ್ಲಿಯೂ ನಡೆಯುವುದಿಲ್ಲ. ಇನ್ನೊಂದು ಮಾತು ಹೇಳಲೇಬೇಕು. ಸಿಬ್ಬಂದಿಗೆ ಕೊಡುವ ಟಿಪ್ಸ್ ದಿನಕ್ಕೆ ಇಷ್ಟು ಅಂತ ತಾನಾಗಿಯೇ ಖಾತೆಗೆ ಬೀಳುತ್ತದೆ. ಅದನ್ನು ಮೊದಲೇ ಕಟ್ಟಿರದಿದ್ದರೆ ಕ್ರೆಡಿಟ್ ಅದಕ್ಕೇ ಕರಗಿಹೋಗುತ್ತದೆ. ನಾವು ಬುಕಿಂಗ್ ಮಾಡುವಾಗಲೇ ಟಿಪ್ಸ್ ಕಟ್ಟಿದ್ದೆವು, ಹಾಗಾಗಿ ನೂರಕ್ಕೆ ನೂರೂ ಉಳಿಯಿತು.

“ನಿನ್ನ ಸರ್ವೀಸಿನ ದುಡ್ಡು, ನೀನು ನಿನ್ನ ಹೆಂಡತಿ ಏನಾದ್ರೂ ತಗೊಳ್ಳಿ. ನನಗ್ಯಾಕೆ?” ಅಂತ ಅಪ್ಪ ಕೈ ಆಡಿಸಿದರು. ಇವರು ಬಿಡಲಿಲ್ಲ. ಆದರೆ ಅಪ್ಪನಿಗೆ ಏನು ಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ವಾಚು ಬೇಡ, ಕೋಟು ಬೇಡ, ವೈನು ಮೊದಲೇ ಬೇಡ.

ಉತ್ತರ ಸಿಕ್ಕಿದ್ದು ಅದೇ ದಿನ ಮಧ್ಯಾಹ್ನ. ಬಂದರಿಲ್ಲದೆ ಇಡೀ ದಿನ ಸಮುದ್ರದಲ್ಲೇ ಕಳೆಯುವ ದಿನ ಅದು. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಮಾಜಿ ಸೈನಿಕರು ಸೇರುವ ಹೊತ್ತು, ಜಾಗ ಹಾಕಿದ್ದರು. “ಬನ್ನಿ ಮಾವ,” ಅಂತ ಇವರು ಎಬ್ಬಿಸಿದರು. “ಅದು ಅವರ ದೇಶದೋರಿಗೆ,” ಅಂದರು ಅಪ್ಪ. ಕ್ರೆಡಿಟ್ ವಿಷಯದಲ್ಲಿ ಆ ಮಾತು ನಿಜ. ನಮ್ಮ ಹಡಗಿನಲ್ಲಿ ಭಾರತೀಯ ಸೇನೆಯ ಸೇವೆಗೆ ಅದು ಇರಲಿಲ್ಲ, ಅಪ್ಪನ ಕೋಣೆಯ ಖಾತೆಗೆ ಏನೂ ಬಂದಿರಲಿಲ್ಲ. ಆದರೆ ಸೇರುವುದಕ್ಕೆ ಏನಡ್ಡಿ ಅಂತ ಕರೆದುಕೊಂಡು ಹೋದೆವು.

ಲೌಂಜಿನಲ್ಲಿ ಇಪ್ಪತ್ತೈದು ಮಂದಿ ಇದ್ದಿರಬಹುದು. ಒಬ್ಬೊಬ್ಬರೇ ಎದ್ದು ಹೆಸರು, ಪಡೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಹೇಳುತ್ತಿದ್ದರು. ವಿಯೆಟ್ನಾಂ ಕಾಲದವರೇ ಹೆಚ್ಚು. ಎಂಬತ್ತಾರು ವರ್ಷದ ಅಜ್ಜ ಒಬ್ಬರ ಪಕ್ಕ ಕೂತಿದ್ದ ಅವರ ಹೆಂಡತಿ ನನಗೆ ಹೇಳಿದ ಮಾತು ಮರೆಯುವುದಿಲ್ಲ. ಅವರ ದಾಖಲೆಗಳು 1973ರ ಜುಲೈಯಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವಂತೆ. ಆ ಬೆಂಕಿಯಲ್ಲಿ 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ನಾಶವಾದವು, 1960ಕ್ಕೆ ಮೊದಲು ಸೇನೆಯಿಂದ ಬಿಡುಗಡೆಯಾದವರವೇ ಬಹುಪಾಲು. ಬದಲಿ ಪ್ರಮಾಣಪತ್ರ ತರಿಸಿಕೊಂಡು, ಅದನ್ನೇ ಕಂಪನಿಗೆ ಕಳಿಸಿ ಅವರೂ ಈ ಕ್ರೆಡಿಟ್ ಪಡೆದಿದ್ದರು. “ದುಡ್ಡಿಗಲ್ಲ, ಇವರು ಸೇನೆಯಲ್ಲಿದ್ದರು ಅಂತ ಯಾರೋ ಕಾಗದ ನೋಡಿ ಒಪ್ಪಿದರಲ್ಲ, ಅದಕ್ಕೆ,” ಅಂದರು ಆಕೆ.

ಅಪ್ಪನ ಸರದಿ ಬಂತು. ಮಂಡಿ ನೋವಿನ ಮನುಷ್ಯ, ಕುರ್ಚಿ ಹಿಡಿಯದೆ ಎದ್ದು ನೆಟ್ಟಗೆ ನಿಂತರು. “ಹವಾಲ್ದಾರ್, ಮದ್ರಾಸ್ ಸ್ಯಾಪರ್ಸ್, ಇಂಡಿಯನ್ ಆರ್ಮಿ. 1966 ಟು 1984.” ಅಷ್ಟೇ. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಅತ್ತೆ.

ಕಾರ್ಯಕ್ರಮ ಮುಗಿದ ಮೇಲೆ ಇನ್ನೊಬ್ಬ ಹಿರಿಯರು ಅಪ್ಪನನ್ನು ಹುಡುಕಿಕೊಂಡು ಬಂದರು. ಅವರೂ ಸ್ಯಾಪರ್ರೇ, ಅಮೆರಿಕದಲ್ಲಿ ಕಾಂಬ್ಯಾಟ್ ಎಂಜಿನಿಯರ್ ಅನ್ನುತ್ತಾರೆ. ಅಪ್ಪನ ಇಂಗ್ಲಿಷ್ ಸಾಲದಾದಾಗ ಕೈ ಮಾತಾಡಿತು: ನೆಲ ಚುಚ್ಚುವುದು, ಮಣ್ಣು ಸರಿಸುವುದು, ಬೆರಳಿನಿಂದ ಸುತ್ತ ತಡವುವುದು. ಅವರು ತಲೆಯಾಡಿಸುತ್ತಿದ್ದರು. ಕೊನೆಗೆ ಅವರು ಕೇಳಿದರು, “ಸ್ಕ್ಯಾಗ್ವೇಯಲ್ಲಿ ರೈಲು ಹತ್ತುತ್ತೀರಿ ತಾನೆ? ಅದು ನಮ್ಮಂಥವರು ನೋಡಬೇಕಾದ ರೈಲು.”

ಇವರು ಅಲ್ಲಿಂದ ನೇರ ಕೌಂಟರಿಗೆ ನಡೆದರು. ಅಲಾಸ್ಕದ ಸ್ಕ್ಯಾಗ್ವೇ ಬಂದರಿನಿಂದ ಬೆಟ್ಟ ಹತ್ತುವ ಈ ವೈಟ್ ಪಾಸ್ ರೈಲಿನ ಟಿಕೆಟನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ತೆಗೆಯಬಹುದಿತ್ತು. ಆದರೆ ಆಗ ಕಾರ್ಡಿನಿಂದಲೇ ಕಟ್ಟಬೇಕಿತ್ತು. ಕ್ರೆಡಿಟ್ ಬಳಸಬೇಕಾದರೆ ಹಡಗಿನೊಳಗೆ ಕೊಳ್ಳಬೇಕು, ಹಾಗೆ ಕಾದರೆ ಸೀಟು ತುಂಬಿಹೋಗುವ ಭಯ. ನಮ್ಮ ಪುಣ್ಯಕ್ಕೆ ನಾಲ್ಕು ಸೀಟು ಸಿಕ್ಕವು. ಅಪ್ಪ, ಅಮ್ಮನದು ಬೇರೆ ಖಾತೆಯಾದ್ದರಿಂದ ಅಪ್ಪನ ಟಿಕೆಟನ್ನು ನಮ್ಮ ಕೋಣೆಯ ಲೆಕ್ಕಕ್ಕೆ ಹಾಕಿ ಅಂತ ಬಾಯಿಬಿಟ್ಟು ಕೇಳಬೇಕಾಯಿತು. ನೂರು ಡಾಲರ್ ಅದಕ್ಕೇ ಹೋಯಿತು, ಇನ್ನೂ ಸ್ವಲ್ಪ ಮೇಲೆ ಹಾಕಿದೆವು.

ಕೆಚಿಕನ್ನಿನಲ್ಲಿ ಮಳೆ. ಮಲೆನಾಡಿನವರಿಗೆ ಅದೇನು ಹೊಸದಲ್ಲ, ಅಮ್ಮ ಕೊಡೆ ಬಿಚ್ಚಿಕೊಂಡು ಊರೆಲ್ಲ ಸುತ್ತಿದರು. ಜೂನೋದಲ್ಲಿ ಮೆಂಡನ್‌ಹಾಲ್ ಹಿಮನದಿ ನೋಡಿದೆವು.

ಐದನೆಯ ದಿನ ಸ್ಕ್ಯಾಗ್ವೇ. ಹಡಗು ನಿಂತ ಕಡೆಗೇ ರೈಲು ಬಂದು ನಿಂತಿತ್ತು. ಹಳಿಗಳ ನಡುವಿನ ಅಂತರ ಬರೀ ಮೂರು ಅಡಿ. ಮೇಲೆ ಹೋಗುವಾಗ ಎಡಗಡೆ ಕೂರಿ ಅಂತ ಆ ಹಿರಿಯರು ಹೇಳಿಕೊಟ್ಟಿದ್ದರು. ಅಪ್ಪನನ್ನು ಕಿಟಕಿಗೆ ಕೂರಿಸಿದೆವು. ಚಿನ್ನ ಹುಡುಕಿಕೊಂಡು ಕೆನಡಾದ ಕ್ಲಾಂಡೈಕಿಗೆ ಹೊರಟವರಿಗಾಗಿ 1898ರಲ್ಲಿ ಶುರುವಾದ ದಾರಿ ಇದು, 1900ರ ಜುಲೈನಲ್ಲಿ ಮುಗಿಯಿತು. ಸಮುದ್ರ ಮಟ್ಟದಿಂದ ಹೊರಟು ಸುಮಾರು ಇಪ್ಪತ್ತು ಮೈಲಿಯೊಳಗೆ 2,865 ಅಡಿ ಏರುತ್ತದೆ. ಏರು ಕೆಲವೆಡೆ 3.9 ಪ್ರತಿಶತದವರೆಗೆ, ಅಂದರೆ 26 ಅಡಿ ಮುಂದೆ ಹೋದರೆ ಒಂದಡಿ ಮೇಲಕ್ಕೆ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ ಒಂದು. ಆ ಘಾಟಿಯ ಹಳಿ, ಐವತ್ತೇಳು ಸುರಂಗ, ದೋಣಿಗಲ್, ಎಡಕುಮೇರಿ ಅಪ್ಪನಿಗೆ ಬಾಯಿಪಾಠ. “ಇದಕ್ಕೆ ಎಂಜಿನ್ ಎಷ್ಟು ಹಾಕ್ತಾರೆ?” ಅಂತ ಅವರು ಮೊದಲು ಕೇಳಿದ್ದೇ ಅದು.

ಬಂಡೆಯ ಮೈಯನ್ನು ಕೊರೆದು ಮಾಡಿದ ಅಂಚಿನ ಮೇಲೆ ರೈಲು ಹತ್ತುತ್ತಿತ್ತು. ಎಡಕ್ಕೆ ನೋಡಿದರೆ ಕಣಿವೆ, ಕೆಳಗೆ ಬಿಳಿ ನೊರೆಯ ಹೊಳೆ, ಎದುರಿನ ಗುಡ್ಡದಲ್ಲಿ ನೂಲಿನಂಥ ಜಲಪಾತಗಳು. ಸುತ್ತಿದ ಮುಂಡಾಸಿನ ಹಾಗೆ ದಾರಿ ಬಳಸಿಕೊಂಡಾಗ ನಮ್ಮದೇ ರೈಲಿನ ಎಂಜಿನ್ ಮುಂದೆ ಬಂಡೆಗೆ ಅಂಟಿಕೊಂಡು ಹೋಗುವುದು ಕಾಣುತ್ತಿತ್ತು. ಅಪ್ಪ ನೋಡುತ್ತಿದ್ದುದು ಜಲಪಾತವನ್ನಲ್ಲ, ಬಂಡೆಯನ್ನು. ಡ್ರಿಲ್ ಹೊಡೆದ ಗುರುತು ಇನ್ನೂ ಅಲ್ಲಲ್ಲಿ ಕಾಣುತ್ತದೆ ಅಂತ ನನಗೆ ತೋರಿಸಿದರು. ಸಿಡಿಮದ್ದು 450 ಟನ್ ಬಳಸಿದ್ದರು ಅಂತ ರೈಲಿನಲ್ಲಿ ಹೇಳಿದಾಗ, “ಚಳಿಗಾಲದಲ್ಲಿ ಕೈ ಮರಗಟ್ಟಿ ಬತ್ತಿ ಹಚ್ಚೋದು ಹೇಗೆ?” ಅಂತ ತಮಗೆ ತಾವೇ ಕೇಳಿಕೊಂಡರು.

ಡೆಡ್ ಹಾರ್ಸ್ ಗಲ್ಚ್ ಎನ್ನುವ ಕಡಿದಾದ ಕಂದರ ಬಂತು. ರೈಲು ಬರುವ ಮೊದಲು, ಹೊರೆ ಹೊತ್ತ ಸುಮಾರು 3,000 ಕುದುರೆಗಳು ಈ ಕಣಿವೆಯ ದಾರಿಯಲ್ಲಿ ಸತ್ತವಂತೆ. ಅಮ್ಮ ಆ ಕಡೆ ನೋಡಲೇ ಇಲ್ಲ. ಅಲ್ಲೇ ಈಗ ಬಳಸದ ಹಳೆಯ ಉಕ್ಕಿನ ಸೇತುವೆ ಒಂದಿದೆ, 1901ರದು. ರೈಲು ಅದರ ಪಕ್ಕದಲ್ಲೇ ಹೋಗುವಾಗ ಅಪ್ಪ ಎದ್ದು ನಿಂತುಬಿಟ್ಟರು. ಬೋಗಿಯ ತುದಿಯ ಕಟಾಂಜನದ ಹತ್ತಿರ ಹೋಗಲು ಇವರು ಕೈ ಹಿಡಿದರು. ಮಾವ ಅಳಿಯ ಇಬ್ಬರೂ ಗಾಳಿಗೆ ಮುಖ ಒಡ್ಡಿ ನಿಂತಿದ್ದರು.

ಈ ರೈಲನ್ನು 1942ರಲ್ಲಿ ಅಮೆರಿಕದ ಸೇನೆ ಗುತ್ತಿಗೆಗೆ ತೆಗೆದುಕೊಂಡು ನಡೆಸಿತು. ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ಅಲಾಸ್ಕಕ್ಕೆ ರಸ್ತೆ ಬೇಕಾಯಿತು. ಅಲಾಸ್ಕ ಹೆದ್ದಾರಿಯನ್ನು ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಅದೇ ವರ್ಷ ಎಂಟು ತಿಂಗಳೊಳಗೆ ಕಡಿದು ಮುಗಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಜನಾಂಗದ ಎಂಜಿನಿಯರ್ ದಳದವರು. ಅವರಿಗೆ ಬೇಕಾದ ಬಹಳಷ್ಟು ಯಂತ್ರ, ಸಾಮಾನು ಸ್ಕ್ಯಾಗ್ವೇಯಲ್ಲಿ ಇಳಿದು ಇದೇ ಮೂರಡಿ ಹಳಿಯ ಮೇಲೆ ಮೇಲಕ್ಕೆ ಹೋಗಿದ್ದು. ಲೌಂಜಿನಲ್ಲಿ ಆ ಹಿರಿಯರು ಹೇಳಲು ಹೊರಟಿದ್ದು ಇದನ್ನೇ. ಇವರು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಶುರುವಾಯಿತು. ಶಕರ್‌ಗಢದ ರಾತ್ರಿಗಳು, ಡಿಸೆಂಬರಿನ ಮಂಜು, ದಾರಿ ಗುರುತಿಗೆ ಕಟ್ಟಿದ ಬಿಳಿ ಪಟ್ಟಿ, ಜೊತೆಗಿದ್ದು ಹಿಂದಿರುಗದ ಸೇಲಂ ಕಡೆಯ ಹುಡುಗ. ಶಿಖರದಲ್ಲಿ ಎಂಜಿನನ್ನು ರೈಲಿನ ಇನ್ನೊಂದು ತುದಿಗೆ ಜೋಡಿಸಿ, ಎಲ್ಲರೂ ಸೀಟು ಹೊರಳಿಸಿ ಕೂತು, ರೈಲು ಕೆಳಗಿಳಿಯುವವರೆಗೂ ಮಾತು ನಿಲ್ಲಲಿಲ್ಲ. ಐವತ್ತು ವರ್ಷದಲ್ಲಿ ಅಮ್ಮ ಕೇಳದ ಮಾತುಗಳು. ಅವರು ಸೆರಗು ಹಿಡಿದು ಸುಮ್ಮನೆ ಕೇಳುತ್ತಿದ್ದರು.

ಮರುದಿನ ಗ್ಲೇಷಿಯರ್ ಬೇ. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಒಳಗೆ ಬಿಡುವ ಜಾಗ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಾಗ, ನೀರಿನಿಂದ 250 ಅಡಿ ಎತ್ತರದ ನೀಲಿ ಗೋಡೆಯಿಂದ ಗುಡುಗಿದ ಹಾಗೆ ಸದ್ದು ಮಾಡಿ ಒಂದು ತುಂಡು ಕಳಚಿ ಬಿತ್ತು. ಕಡೆಯ ಸಂಜೆ ಕೆನಡಾದ ವಿಕ್ಟೋರಿಯ. ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ಧ್ವಜದ ಹಡಗು ನಡುವೆ ಬೇರೆ ದೇಶದ ಬಂದರು ಮುಟ್ಟಲೇಬೇಕು ಎನ್ನುವ 1886ರ ಕಾನೂನೊಂದಿದೆ, ಅದಕ್ಕೇ ಈ ನಿಲುಗಡೆ. ಹೀಗಾಗಿ ಅಪ್ಪ ಅಮ್ಮನಿಗೆ ಕೆನಡಾದ ವೀಸಾ ಕೂಡ ಮಾಡಿಸಿದ್ದೆವು. ಇಂಡಿಯಾದಿಂದ ಹೆತ್ತವರನ್ನು ಕರೆಸಿಕೊಳ್ಳುವವರು ಇದನ್ನು ತಿಂಗಳುಗಟ್ಟಲೆ ಮೊದಲೇ ನೋಡಿಕೊಳ್ಳಿ.

ಇಳಿಯುವ ಬೆಳಿಗ್ಗೆ ಖಾತೆಯ ಲೆಕ್ಕ ಫೋನಿಗೇ ಬಂದಿತ್ತು. ಅಪ್ಪ ಅದರ ಮುದ್ರಿತ ಪ್ರತಿ ಬೇಕು ಅಂದರು. ಕೌಂಟರಿನ ಹುಡುಗಿ ತೆಗೆದುಕೊಟ್ಟಳು. ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತಾ ಬಂದು, ರೈಲಿನ ಟಿಕೆಟ್ಟಿನ ಸಾಲು, ಅದರ ಕೆಳಗೆ ‘ಮಿಲಿಟರಿ’ ಅಂತ ಇದ್ದ, 100 ಡಾಲರ್ ಕಳೆದ ಸಾಲು ಹುಡುಕಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ತಮ್ಮ ಮಾಜಿ ಸೈನಿಕರ ಗುರುತಿನ ಚೀಟಿಯ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದರು. ಮುಂದಿನ ಸಲ ಹಾಸನದ ಮಿಲಿಟರಿ ಕ್ಯಾಂಟೀನಿಗೆ ಹೋದಾಗ ಜೊತೆಯವರಿಗೆ ತೋರಿಸಬೇಕಂತೆ.