ಬಾರ್ನ್ ಡೋರ್ ಟ್ರ್ಯಾಕರ್: ಗೆರೆಗಳು ಅಂತೂ ಚುಕ್ಕಿಗಳಾದವು

ಬಾರ್ನ್ ಡೋರ್ ಟ್ರ್ಯಾಕರ್ ಎಂದರೆ ಹಿಂಜಿನಿಂದ ಕೂಡಿಸಿದ ಎರಡು ಹಲಗೆಗಳ ಸಾಧನ: ಮೋಟಾರ್ ತಿರುಗಿಸುವ ಎಳೆಗಳಿರುವ ರಾಡ್ ಮೇಲಿನ ಹಲಗೆಯನ್ನೂ ಅದರ ಮೇಲಿನ ಕ್ಯಾಮೆರಾವನ್ನೂ ಆಕಾಶದ ವೇಗದಲ್ಲೇ ತಿರುಗಿಸುವುದರಿಂದ, ದೀರ್ಘ ಚಿತ್ರದಲ್ಲೂ ನಕ್ಷತ್ರಗಳು ಗೆರೆಗಳಾಗದೆ ಚುಕ್ಕಿಗಳಾಗಿ ಉಳಿಯುತ್ತವೆ. ಇದರ ಜೋಡಣೆ ಹವ್ಯಾಸಿಗಳಿಗೆಲ್ಲ ತಿಳಿದದ್ದೇ ಆದ್ದರಿಂದ, ನಮ್ಮ ತಂಡವನ್ನು ಸತಾಯಿಸಿದ ಒಂದೇ ತೊಂದರೆಯ ಬಗ್ಗೆ ಬರೆಯುತ್ತೇನೆ. ನಕ್ಷೆ ಅಮೆರಿಕದ ಸದಸ್ಯರದು, ಬಿಡಿಭಾಗಗಳ ಹೊಣೆ ಜರ್ಮನಿಯವರದು, ಪ್ರೋಗ್ರಾಂ ಚಿಲಿಯವರದು. ಜೋಡಿಸಿ ಪರೀಕ್ಷಿಸುವ ಕೆಲಸ ನನ್ನದು.

ಪ್ರತಿ ಚಿತ್ರದಲ್ಲೂ ನಕ್ಷತ್ರಗಳು ಪೂರ್ವ-ಪಶ್ಚಿಮವಾಗಿ ಎಳೆದಂತೆ ಕಾಣುತ್ತಿದ್ದವು. ಮೊದಲ ಅನುಮಾನ ಧ್ರುವ ಜೋಡಣೆಯ, ಅಂದರೆ ಹಿಂಜನ್ನು ಆಕಾಶದ ಧ್ರುವದತ್ತ ಗುರಿಯಿಡುವುದರ ಮೇಲೆ. ದಕ್ಷಿಣ ಧ್ರುವದ ಬಳಿ ಮಂದವಾದ ಸಿಗ್ಮಾ ಆಕ್ಟಾಂಟಿಸ್ ನಕ್ಷತ್ರ ಬಿಟ್ಟರೆ ಗತಿಯಿಲ್ಲದ ಚಿಲಿಯವರು, ನಕ್ಷತ್ರ ಯಾವ ಕಡೆ ಜಾರುತ್ತದೆಂದು ನೋಡಿ ಜೋಡಣೆ ತಿದ್ದುವ ಡ್ರಿಫ್ಟ್ ವಿಧಾನದಲ್ಲಿ ಪಳಗಿದವರು. ಅವರು ಹೇಳಿಕೊಟ್ಟಂತೆ ಪರೀಕ್ಷಿಸಿದಾಗ ಜೋಡಣೆ ನಿರ್ದೋಷಿಯೆಂದು ಖಚಿತವಾಯಿತು. ಧ್ರುವ ನಕ್ಷತ್ರವನ್ನೇ ನೆಚ್ಚಿಕೊಂಡ ನಮಗೆ ಈ ಪಾಠ ಬೇರೆಲ್ಲೂ ಸಿಗುತ್ತಿರಲಿಲ್ಲ.

ಬಳಿಕ ಮೋಟಾರ್ ನಿಲ್ಲಿಸಿ ಅಷ್ಟೇ ಹೊತ್ತಿನ ಚಿತ್ರ ತೆಗೆದು ಹೋಲಿಸಿದೆ. ಮೋಟಾರ್ ಓಡುವಾಗಿನ ಗೆರೆ, ನಿಂತಾಗಿನ ಗೆರೆಯ ಸುಮಾರು ಐದನೇ ಒಂದು ಭಾಗವಿತ್ತು. ಅಂದರೆ ಯಂತ್ರ ಆಕಾಶಕ್ಕಿಂತ ಶೇ. 21ರಷ್ಟು ನಿಧಾನ. ಹಿಂಜಿನಿಂದ ರಾಡಿಗೆ ನಕ್ಷೆಯಲ್ಲಿರುವ 290 ಮಿ.ಮೀ. ದೂರವು ಅಂಗುಲಕ್ಕೆ 20 ಎಳೆಗಳಿರುವ, ನಿಮಿಷಕ್ಕೊಂದು ಸುತ್ತು ತಿರುಗುವ ಕಾಲಂಗುಲದ ರಾಡಿಗೆ ಸರಿ. ಬಂದದ್ದು ಮೆಟ್ರಿಕ್ ಅಳತೆಯ, 6 ಮಿ.ಮೀ. ದಪ್ಪದ ಎಂ6 ರಾಡ್, ಅದರ ಪಿಚ್ (ಎರಡು ಎಳೆಗಳ ನಡುವಿನ ಅಂತರ) 1.27 ಅಲ್ಲ, 1 ಮಿ.ಮೀ. ಮಾರಾಟಗಾರರ ಚೀಟಿಯಲ್ಲಿ ಲೇಪನದ ಬಣ್ಣವೂ ಇತ್ತು, ಪಿಚ್ ಮಾತ್ರ ಇರಲಿಲ್ಲ.

ಆದರೆ ಈ ಬದಲಾವಣೆ ಗುಟ್ಟಾಗಿ ನಡೆದದ್ದಲ್ಲ. ಎಂ6 ತರಿಸುತ್ತಿದ್ದೇನೆ, ಆಕ್ಷೇಪವಿದ್ದರೆ ತಿಳಿಸಿ ಎಂದು ಜರ್ಮನಿಯವರು ಬರೆದಿದ್ದರು. ಉತ್ತರ ಬಾರದ್ದನ್ನು ಅವರು ಒಪ್ಪಿಗೆಯೆಂದು ತಿಳಿದರು. ಯಾರೂ ಒಪ್ಪದ್ದರಿಂದ ವಿಷಯ ಬಿದ್ದುಹೋಯಿತೆಂದು ಅಮೆರಿಕದವರು ತಿಳಿದರು. ಚಿಲಿಯವರಿಗೆ ಸಂಶಯ ಬಂದಿದ್ದರೂ ಎಲ್ಲರೆದುರು ತಪ್ಪು ಎತ್ತಿ ತೋರಿಸುವುದು ಒರಟಾದೀತೆಂದು ಸುಮ್ಮನಿದ್ದರು. ಮೌನಂ ಸಮ್ಮತಿ ಲಕ್ಷಣಂ ಎಂಬ ಗಾದೆ ಕಟ್ಟಿದವರು ಎಂದೂ ರಾಡ್ ತರಿಸಿದವರಲ್ಲ. ಈಗ ಪ್ರತಿಯೊಬ್ಬರೂ ತಾವೇ ಲೆಕ್ಕ ಹಾಕಿದ ಅಳತೆಯನ್ನು ಬರೆದು ಕಳುಹಿಸುವವರೆಗೆ ಯಾವ ಭಾಗವನ್ನೂ ತರಿಸುವುದಿಲ್ಲ.

ಹೊಸ ರಾಡಿಗಾಗಿ ಮತ್ತೆ ಕಸ್ಟಮ್ಸ್ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ನಾನು ಮಲಗಿದ್ದಾಗ ಚಿಲಿಯವರು ಪ್ರೋಗ್ರಾಮಿನ ಒಂದು ಸಾಲು ತಿದ್ದಿ ಮೋಟಾರಿನ ವೇಗವನ್ನು ನಿಮಿಷಕ್ಕೆ 1.27 ಸುತ್ತಿಗೆ ಏರಿಸಿದ್ದರು. ಮರುರಾತ್ರಿಯೇ ಚುಕ್ಕಿಗಳು ಸಿಕ್ಕವು. ಅಂದಹಾಗೆ, ನಾವು ಬಳಸಿದ ನೆಮಾ 17 ಎಂಬ ಗಾತ್ರದ ಮೋಟಾರಿನ ಮುಖ 1.7 ಅಂಗುಲ, ಅದಕ್ಕೆ ಬೀಳುವ ತಿರುಪು ಮಾತ್ರ ಮೆಟ್ರಿಕ್ ಅಳತೆಯ ಎಂ3. ಅದರಲ್ಲಾದರೂ ಎರಡು ಪದ್ಧತಿಗಳು ಜಗಳವಾಡದೆ ಸಂಸಾರ ಮಾಡುತ್ತಿವೆ.

ಮುಂದಿನ ಯೋಜನೆ ಸರಳ ಪೀಠದ ಡಾಬ್ಸೋನಿಯನ್ ದೂರದರ್ಶಕಕ್ಕೆ ಈಕ್ವೆಟೋರಿಯಲ್ ವೇದಿಕೆ, ಅಂದರೆ ಇಡೀ ದೂರದರ್ಶಕವನ್ನೇ ಆಕಾಶದೊಂದಿಗೆ ತಿರುಗಿಸುವ ಪೀಠ. ಅದರ ಕೋನ ಅಕ್ಷಾಂಶವನ್ನು ಅವಲಂಬಿಸುವುದರಿಂದ ನಾಲ್ವರಿಗೂ ನಾಲ್ಕು ನಕ್ಷೆ ಬೇಕು. ಅದಕ್ಕೂ ಮೊದಲು ನೇರ ರಾಡಿನ ಟ್ಯಾಂಜೆಂಟ್ ದೋಷ (ಹಲಗೆ ತೆರೆದಷ್ಟೂ ವೇಗ ತಪ್ಪುತ್ತಾ ಹೋಗುವುದು) ಬಗೆಹರಿಯಬೇಕಿದೆ: ರಾಡನ್ನೇ ಬಾಗಿಸಬೇಕೆಂದು ಜರ್ಮನಿಯವರು, ಪ್ರೋಗ್ರಾಮಿನಲ್ಲೇ ತಿದ್ದಬೇಕೆಂದು ಅಮೆರಿಕದವರು ಪಟ್ಟು ಹಿಡಿದಿದ್ದಾರೆ, ಮತ್ತು ಈ ಸಲ ಚಿಲಿಯವರು ಇಬ್ಬರನ್ನೂ ಬಹಿರಂಗವಾಗಿಯೇ ಅಲ್ಲಗಳೆದಿದ್ದಾರೆ.